ಹಸನಸಾಬರ ಅರಗಿನ ಮುದ್ರೆ

ಹಸನಸಾಬರು ಯಾರನ್ನೂ ನಂಬುತ್ತಿರಲಿಲ್ಲ. ಇದು ಅವರ ಬೆನ್ನ ಹಿಂದೆ ಆಡಿಕೊಳ್ಳುವ ಮಾತೇನಲ್ಲ, ಅವರೇ ಎದೆ ಮುಂದೆ ಮಾಡಿ ಹೇಳಿಕೊಳ್ಳುತ್ತಿದ್ದ ಮಾತು. ಹಾಲಿನವನು ಬಂದರೆ ಪಾತ್ರೆಗೆ ಹಾಕಿಸಿಕೊಳ್ಳುವ ಮೊದಲು ಬೆರಳು ಅದ್ದಿ ನೋಡಬೇಕು. ದರ್ಜಿ ಬಟ್ಟೆ ಕತ್ತರಿಸುವಾಗ ಎದುರಿಗೇ ನಿಂತಿರಬೇಕು. ಹಳಿಯಾಳದಲ್ಲಿದ್ದ ಒಡಹುಟ್ಟಿದ ಅಣ್ಣ ಎಷ್ಟೋ ವರ್ಷದ ಮೇಲೆ ದಾಂಡೇಲಿಗೆ ಬಂದಾಗ, ಅಪ್ಪಿಕೊಂಡು ಒಳಗೆ ಕೂರಿಸಿದ ಮೇಲೆ ಇವರು ಕೇಳಿದ ಮೊದಲ ಮಾತೇ, ಯಾಕೆ ಬಂದೆ ಎಂಬುದು. ಅಣ್ಣ ಪಾಪ, ನೋಡಿಕೊಂಡು ಹೋಗೋಣ ಅಂತ ಬಂದಿದ್ದ. ಚಹಾ ಕುಡಿದು ಸಂಜೆಯ ಬಸ್ಸಿಗೇ ವಾಪಸು ಹೊರಟುಹೋದ.

ಹುಟ್ಟುತ್ತಲೇ ಹೀಗಿದ್ದರು ಎಂದಲ್ಲ. ದಾಂಡೇಲಿಯ ಹೊರವಲಯದಲ್ಲಿ, ಚಹಾಪುಡಿ ತುಂಬಿ ಕಳಿಸುವ ಕಟ್ಟಿಗೆ ಪೆಟ್ಟಿಗೆಗಳನ್ನು ಮಾಡುವ ಕಾರ್ಖಾನೆಯೊಂದಿತ್ತು. ಹಸನಸಾಬರು ಅದರ ಸಾಮಾನಿಡುವ ಸ್ಟೋರಿಗೆ ಸೇರಿದಾಗ ಇನ್ನೂ ಮೀಸೆ ಚಿಗುರುವ ವಯಸ್ಸು, ಎಲ್ಲರನ್ನೂ ನಂಬುವ ಸ್ವಭಾವ. ಒಮ್ಮೆ ಗರಗಸದ ಹೊಸ ಪಟ್ಟಿಗಳು ಬಂದಿವೆ ಎಂದು ಲಾರಿಯವನು ಒಂದು ಗಂಟು ಇಳಿಸಿದ. ಬಿಚ್ಚಿ ನೋಡದೆ ಇವರು ಸಹಿ ಹಾಕಿಬಿಟ್ಟರು. ಬಿಚ್ಚಿದಾಗ ಮೇಲೊಂದು ಕೆಳಗೊಂದು ಹೊಸ ಪಟ್ಟಿ, ನಡುವೆ ಎಲ್ಲಾ ತುಕ್ಕು ಹಿಡಿದ ಗುಜರಿ. ಕೆಲಸ ಹೋಗುವುದು ಕೂದಲೆಳೆಯಲ್ಲಿ ತಪ್ಪಿತು. ಅವತ್ತಿನಿಂದ ಅವರ ಕಣ್ಣು ಕಿರಿದಾದದ್ದು ಮತ್ತೆ ಅಗಲವಾಗಲಿಲ್ಲ.

ಅವರ ತಂದೆ ಹಳಿಯಾಳದ ಖಜಾನೆಯಲ್ಲಿ ಜವಾನರಾಗಿದ್ದವರು. ಚೀಲದ ಬಾಯಿ ಕಟ್ಟಿ, ಗಂಟಿನ ಮೇಲೆ ಅರಗು ಕರಗಿಸಿ ಬಿಟ್ಟು, ಬಿಸಿ ಇರುವಾಗಲೇ ಹಿತ್ತಾಳೆಯ ಮುದ್ರೆ ಒತ್ತುವುದನ್ನು ಹಸನಸಾಬರು ಚಿಕ್ಕಂದಿನಲ್ಲಿ ನೋಡಿಕೊಂಡೇ ಬೆಳೆದಿದ್ದರು. ಗುಜರಿಯ ಪ್ರಸಂಗದ ಮೇಲೆ ಅವರೂ ಒಂದು ಮುದ್ರೆ ಮಾಡಿಸಿದರು. ದುಂಡಗಿನ ಹಿತ್ತಾಳೆ ಬಿಲ್ಲೆ, ಮಧ್ಯದಲ್ಲಿ ಒಂದು ನಕ್ಷತ್ರ, ಸುತ್ತ ಹಗ್ಗದ ಹಾಗೆ ಹೆಣೆದ ಅಂಚು. ಮೊಳೆಯ ಪೆಟ್ಟಿಗೆಗೆ ಮುದ್ರೆ, ಅಂಟಿನ ಡಬ್ಬಿಗೆ ಮುದ್ರೆ, ಯಂತ್ರದ ಬೆಲ್ಟಿನ ಸುರುಳಿಗೆ ಮುದ್ರೆ. ಕಾರ್ಖಾನೆಯ ಹುಡುಗರು ‘ಸಾಬರ ಹೆಂಡತಿಗೂ ಮುದ್ರಿ ಹಾಕ್ಯಾರೇನ ನೋಡ್ರಿ’ ಎಂದು ನಗುತ್ತಿದ್ದರು. ನಗಲಿ ಬಿಡಿ. ಆಮೇಲೆ ಸ್ಟೋರಿನಿಂದ ಒಂದು ಸೂಜಿಯೂ ಕಳುವಾಗಲಿಲ್ಲ ಎಂಬುದು ಮಾತ್ರ ಖರೆ.

ಎಂಬತ್ತೇಳನೇ ಇಸವಿಯಲ್ಲಿ ಕಾರ್ಖಾನೆಗೆ ಕಂಪ್ಯೂಟರ್ ಬಂತು. ಮುಂಬಯಿಯಲ್ಲಿದ್ದ ಮಾಲಕರಿಗೆ ಅದರ ಹುಚ್ಚು ಹತ್ತಿತ್ತು. ಆಫೀಸಿನ ಪಕ್ಕದ ಕೋಣೆಗೆ ಗಾಜಿನ ಬಾಗಿಲು ಹಾಕಿಸಿ, ತಂಪು ಗಾಳಿಯ ಪೆಟ್ಟಿಗೆ ಕೂರಿಸಿದರು. ಒಳಗೆ ಬರುವವರು ಚಪ್ಪಲಿ ಹೊರಗೆ ಬಿಡಬೇಕಿತ್ತು. ಸ್ಟೋರಿನಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಹೇಳುವ ಒಂದು ಪ್ಯಾಕೇಜು, ಆಳುಗಳ ಪಾಳಿ ನೋಡುವ ಇನ್ನೊಂದು ಪ್ಯಾಕೇಜು, ಎರಡನ್ನೂ ಹುಬ್ಬಳ್ಳಿಯ ಒಬ್ಬ ಇಂಜಿನಿಯರು ಬರೆದು ತಂದು ಹಾಕಿಕೊಟ್ಟ. ಕಂಪ್ಯೂಟರಿನ ಜವಾಬ್ದಾರಿ ಯಾರಿಗೆ ಎಂಬ ಪ್ರಶ್ನೆ ಬಂದಾಗ ಮ್ಯಾನೇಜರ್ ನಾಗಲಿಂಗಪ್ಪನವರು ಯೋಚನೆಯನ್ನೇ ಮಾಡಲಿಲ್ಲ. ಯಾರನ್ನೂ ನಂಬದ ಮನುಷ್ಯನಿಗಿಂತ ಒಳ್ಳೆಯ ಕಾವಲುಗಾರ ಎಲ್ಲಿ ಸಿಗಬೇಕು ಎಂದು ಹಸನಸಾಬರನ್ನೇ ಅಲ್ಲಿ ಕೂರಿಸಿದರು.

ಹಸನಸಾಬರಿಗೆ ಆ ಯಂತ್ರದ ಮೇಲೂ ನಂಬಿಕೆ ಇರಲಿಲ್ಲ. ಒಳಗೆ ಏನಿದೆ ಎಂದು ಕಾಣದ ಡಬ್ಬಿಯನ್ನು ನಂಬುವುದು ಹೇಗೆ? ಅದರಲ್ಲೂ ಇಂಜಿನಿಯರು, ಒಳಗಿನ ಡಿಸ್ಕು ಯಾವಾಗ ಬೇಕಾದರೂ ಕೈಕೊಡಬಹುದು ಎಂದು ಬೇರೆ ಹೆದರಿಸಿದ್ದ. ಅದಕ್ಕೆ ಪರಿಹಾರವನ್ನೂ ಕಲಿಸಿದ್ದ. ಕಪ್ಪು ಪರದೆಯ ಮೇಲೆ ಮಿಣುಕುವ ಹಸಿರು ಗೆರೆಯ ಮುಂದೆ ‘ಬ್ಯಾಕಪ್’ ಎಂದು ಟೈಪು ಮಾಡಿದರೆ ಪ್ಯಾಕೇಜುಗಳೆಲ್ಲ ತೆಳು ಪ್ಲಾಸ್ಟಿಕ್ ಬಿಲ್ಲೆಗಳಂಥ ಫ್ಲಾಪಿಗಳಿಗೆ ನಕಲಾಗುತ್ತವೆ. ಡಿಸ್ಕು ಸತ್ತರೆ ಅದೇ ಗೆರೆಯ ಮುಂದೆ ‘ರಿಸ್ಟೋರ್’ ಎಂದು ಟೈಪು ಮಾಡಬೇಕು. ಯಂತ್ರ ಒಂದನೇ ಫ್ಲಾಪಿ ಕೇಳುತ್ತದೆ, ಆಮೇಲೆ ಎರಡನೆಯದು, ಹೀಗೆ ಐದೂ ಕೊಟ್ಟರೆ ಎಲ್ಲ ಮೊದಲಿನಂತೆ. ಒಂದು ತಪ್ಪಿದರೂ ಪ್ಯಾಕೇಜು ಏಳುವುದಿಲ್ಲ.

ಇದು ಹಸನಸಾಬರ ಮನಸ್ಸಿಗೆ ಹಿಡಿಸಿತು. ತಿಂಗಳಿಗೊಮ್ಮೆ ಹೊಸ ಫ್ಲಾಪಿಗಳಲ್ಲಿ ಬ್ಯಾಕಪ್ ತೆಗೆಯುವರು. ಹಳೆಯದರ ಮೇಲೆ ಬರೆಯಲು ಒಪ್ಪುತ್ತಿರಲಿಲ್ಲ, ಅದರಲ್ಲಿ ಯಾರು ಏನು ಸೇರಿಸಿದ್ದಾರೋ ಯಾರು ಬಲ್ಲರು. ಹಾಗೆಂದು ಹಳೆಯದನ್ನು ಇಟ್ಟುಕೊಳ್ಳುತ್ತಲೂ ಇರಲಿಲ್ಲ, ಯಾರ ಕೈಗಾದರೂ ಸಿಕ್ಕರೆ ಎಂದು ಕತ್ತರಿಯಿಂದ ತುಂಡು ಮಾಡಿ ಬಾಯ್ಲರಿಗೆ ಹಾಕಿಸುತ್ತಿದ್ದರು. ಹೊಸ ಐದನ್ನೂ ಕಾಗದದ ಲಕೋಟೆಯಲ್ಲಿಟ್ಟು, ಬಾಗಬಾರದೆಂದು ಕೆಳಗೊಂದು ಹಲಗೆ ಕೊಟ್ಟು, ಒಂದನೆಯದು ಕೆಳಗೆ ಐದನೆಯದು ಮೇಲೆ ಬರುವಂತೆ ಜೋಡಿಸಿ, ಸುತಳಿಯಿಂದ ಅಡ್ಡ ಉದ್ದ ಬಿಗಿದು ಕಟ್ಟುವರು. ಗಂಟಿನ ಮೇಲೆ ಅರಗು ಬಿಟ್ಟು, ಎರಡೂ ಕೈಯಿಂದ ಮುದ್ರೆ ಒತ್ತುವರು. ಆಮೇಲೆ ಕಬ್ಬಿಣದ ಕಪಾಟು, ಅದಕ್ಕೆ ಬೀಗ, ಬೀಗದ ಕೈ ಒಳಜೇಬಿನಲ್ಲಿ. ಖಜಾನೆಯನ್ನೂ ಇಷ್ಟು ಕಾಯ್ದವರಿಲ್ಲ.

ಆ ಕೋಣೆಗೆ ಹಸನಸಾಬರನ್ನು ಬಿಟ್ಟರೆ ಕಾಲಿಡುತ್ತಿದ್ದವನು ಸಂತಾನ ಒಬ್ಬನೇ. ಕೋಗಿಲಬನದ ಆಚೆಯ ಸಿದ್ದಿ ಜನಾಂಗದವನು, ಕಟ್ಟಿಗೆ ಅಂಗಳದಲ್ಲಿ ದಿಮ್ಮಿ ಉರುಳಿಸುತ್ತಿದ್ದವನು. ಧೂಳು ಹಿಡಿಯದಂತೆ ಕಸ ಹೊಡೆಯುವ ನಯ ಅವನ ಕೈಯಲ್ಲಿದೆ ಎಂದು ನಾಗಲಿಂಗಪ್ಪನವರು ಕಂಪ್ಯೂಟರ್ ಕೋಣೆಗೆ ಹಾಕಿದ್ದರು. ವರ್ಷಗಟ್ಟಲೆ ದಿನಗೂಲಿಯಲ್ಲೇ ಇದ್ದ ಸಂತಾನನನ್ನು ಆ ದೀಪಾವಳಿಗೆ ಕಾಯಂ ಮಾಡುವುದೆಂದು ಮಾತಾಗಿತ್ತು. ಕಾಯಂ ಆದರೆ ಕಾರ್ಖಾನೆಯ ಚಾಳಿನಲ್ಲಿ ಮನೆ ಸಿಗುತ್ತಿತ್ತು, ಹೆಂಡತಿ ರೋಜಿ ಮಕ್ಕಳನ್ನು ದಾಂಡೇಲಿಯ ಶಾಲೆಗೆ ಹಾಕಬಹುದಿತ್ತು. ಆ ಆಸೆಯಿಂದಲೇ ಅವನು ಒರೆಸಿದ ಗಾಜನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ. ಇಷ್ಟೊಂದು ಒರೆಸುತ್ತಾನೆಂದರೆ ಏನೋ ಅಳಿಸುತ್ತಿರಬೇಕು ಎಂದು ಹಸನಸಾಬರಿಗೆ ಅನ್ನಿಸುತ್ತಿತ್ತು.

ಆ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಕರೆಂಟು ಹೋಗಿ ಬಂದು, ಹೋಗಿ ಬಂದು ಆಡಿತು. ಯಂತ್ರದೊಳಗಿಂದ ಹಲ್ಲು ಕಡಿಯುವಂಥ ಸದ್ದು ಕೇಳಿತು. ಡಿಸ್ಕು ಸತ್ತಿತ್ತು. ಹಸನಸಾಬರು ಹೆದರಲಿಲ್ಲ, ಬದಲಿಗೆ ಒಳಗೊಳಗೇ ಹಿಗ್ಗಿದರು. ಇಷ್ಟು ದಿನ ಎಲ್ಲರೂ ನಕ್ಕ ಕಟ್ಟುನಿಟ್ಟಿಗೆ ಈಗ ಬೆಲೆ ಬರುವುದಿತ್ತು. ಹುಬ್ಬಳ್ಳಿಯಿಂದ ಇಂಜಿನಿಯರು ಹೊಸ ಡಿಸ್ಕು ಹಿಡಿದುಕೊಂಡು ಬಂದ. ಹಸನಸಾಬರು ನಾಗಲಿಂಗಪ್ಪನವರ ಎದುರಿಗೆ ಕಪಾಟು ತೆರೆದು, ಗಂಟನ್ನು ಮೇಜಿನ ಮೇಲಿಟ್ಟು, “ಮುದ್ರಿ ನೋಡ್ಕೋರಿ ಸಾಹೇಬ್ರ. ಒಂದ ಕೂದಲಾದ್ರೂ ಬಿರುಕು ಐತೇನು?” ಎಂದರು. ಬಿರುಕಿರಲಿಲ್ಲ. ನಕ್ಷತ್ರ ಹೊಳೆಯುತ್ತಿತ್ತು.

ಒಂದನೆಯದು ಹೋಯಿತು, ಎರಡು ಹೋಯಿತು, ಮೂರು, ನಾಲ್ಕು. ಪರದೆಯ ಮೇಲೆ ಫೈಲುಗಳ ಹೆಸರು ಸಾಲಾಗಿ ಇಳಿದವು. ಐದನೆಯದನ್ನು ಹಾಕಿದಾಗ ಯಂತ್ರ ಗೊರಗೊರ ಎಂದು ಒದ್ದಾಡಿ, ಓದಲಾಗುತ್ತಿಲ್ಲ ಎಂದು ಬರೆದು ನಿಂತುಬಿಟ್ಟಿತು. ತೆಗೆದು ಹಾಕಿದರು, ಊದಿ ಹಾಕಿದರು, ಮತ್ತೆ ಅದೇ ಮಾತು.

“ಏನಾಗೇತ್ರಿ ಇದಕ್ಕ?” ನಾಗಲಿಂಗಪ್ಪನವರು ಕೇಳಿದರು.

“ಏನರ ಆಗಿರಬಹುದ್ರಿ. ಥಂಡಿ, ಅಯಸ್ಕಾಂತ, ಇಲ್ಲಾ ಯಾರರ ಚುಚ್ಚಿರಬಹುದು,” ಎಂದ ಇಂಜಿನಿಯರು. ಅವನಿಗೆ ಮಧ್ಯಾಹ್ನದ ಬಸ್ಸು ಹಿಡಿಯುವ ಅವಸರ.

ಅವನು ಹೇಳಿದ ಮೂರರಲ್ಲಿ ಹಸನಸಾಬರ ಕಿವಿಗೆ ಬಿದ್ದದ್ದು ಕಡೆಯದೊಂದೇ. ಯಾರೋ ಚುಚ್ಚಿದ್ದಾರೆ. ಅವರ ಬುದ್ಧಿ ಚುರುಕಾಯಿತು. ಮುದ್ರೆ ಒಡೆದಿಲ್ಲ ನಿಜ. ಆದರೆ ಹಿಂದಿನ ವಾರ ಜುಮ್ಮಾ ನಮಾಜಿಗೆ ಹೋಗುವಾಗ ಸೆಕೆ ಎಂದು ಕೋಟನ್ನು ಕುರ್ಚಿಯ ಮೇಲೆ ಬಿಟ್ಟು ಹೋಗಿದ್ದರು. ಒಳಜೇಬಿನಲ್ಲಿ ಮುದ್ರೆಯೂ ಇತ್ತು, ಬೀಗದ ಕೈಯೂ ಇತ್ತು. ಕೋಣೆಯಲ್ಲಿ ಇದ್ದವನು ಸಂತಾನ. ಗಂಟು ಬಿಚ್ಚಿ, ಮೇಲಿದ್ದದ್ದನ್ನು ಕೆಡಿಸಿ, ಮತ್ತೆ ಅರಗು ಹಾಕಿ ಒತ್ತಲು ಎಷ್ಟು ಹೊತ್ತು ಬೇಕು? ಯಾಕೆ ಕೆಡಿಸಿದ ಎಂದರೆ, ಯಾರೋ ಹೇಳಿಕೊಟ್ಟಿರಬೇಕು. ಯಾರು ಎಂದರೆ, ಅದನ್ನು ಪತ್ತೆ ಮಾಡಬೇಕು. ಅನುಮಾನ ಎಂಬುದು ಹೀಗೆ. ಒಂದು ಸಲ ಅಡಿಪಾಯ ಸಿಕ್ಕರೆ ಸಾಕು, ಇಟ್ಟಿಗೆಯನ್ನು ತಾನೇ ಸುಟ್ಟುಕೊಂಡು ಮನೆ ಕಟ್ಟಿಬಿಡುತ್ತದೆ.

ನಾಗಲಿಂಗಪ್ಪನವರು ಇದನ್ನೆಲ್ಲ ಕೇಳಿ ತಲೆಯಾಡಿಸಿದರು. ಸಿದ್ದಿಯವನೊಬ್ಬ ಕೆಡಿಸಿದ ಎಂದರೆ ಪುರಾವೆ ಕೇಳುವವರು ಆ ಕಾರ್ಖಾನೆಯಲ್ಲಿ ಇರಲಿಲ್ಲ. ಅದೇ ಮಾತನ್ನು ಗುಮಾಸ್ತನ ಮೇಲೆ ಹೇಳಿದ್ದರೆ ನಾಲ್ಕು ಜನ ಎದ್ದು ನಿಲ್ಲುತ್ತಿದ್ದರು. ಈ ಕತೆ ಹೇಳುವಾಗ ನನಗೆ ಸಿಟ್ಟು ಬರುವುದು ಇಲ್ಲಿಯೇ.

ಸಂಜೆ ಪಾಳಿ ಮುಗಿದ ಭೋಂಗಾ ಕೂಗಿದಾಗ, ಒಂದು ಪಾಳಿಯವರು ಹೊರಗೆ ಬರುತ್ತ ಇನ್ನೊಂದು ಪಾಳಿಯವರು ಒಳಗೆ ಹೋಗುತ್ತ ಇರುವಾಗ, ಗೇಟಿನ ಕಾವಲುಗಾರ ದುರ್ಗಪ್ಪ ಎಲ್ಲರ ಎದುರಿಗೆ ಸಂತಾನನ ಊಟದ ಚೀಲ ಸುರುವಿ ನೋಡಿದ. ಖಾಲಿ ಡಬ್ಬಿ, ಒಂದು ಟವೆಲು ಬಿದ್ದವು.

“ನಾಳಿಂದ ಬರಬ್ಯಾಡಂತ ನೀನು,” ಎಂದ ದುರ್ಗಪ್ಪ.

ಸಂತಾನ ಹಸನಸಾಬರ ಕಡೆ ತಿರುಗಿದ. “ಸಾಬರ, ನಾ ಆ ಗಂಟ ಮುಟ್ಟೇ ಇಲ್ರಿ. ನೀವ ಹೇಳ್ರಿ ಇವರಿಗೆ.”

“ಮುಟ್ಟಿಲ್ಲಂದ್ರ ತಾನ ಕೆಟ್ಟಿತೇನು?” ಎಂದರು ಹಸನಸಾಬರು. ಅವನು ಡಬ್ಬಿ ಎತ್ತಿಕೊಂಡು ಹೋಗುವುದನ್ನು ನೋಡುತ್ತ ಅವರಿಗೆ, ಹುಷಾರಾದ ಮನುಷ್ಯನಿಗೆ ಆಗುವ ತೃಪ್ತಿಯೇ ಆಯಿತು.

ಇಂಜಿನಿಯರು ಹುಬ್ಬಳ್ಳಿಯಲ್ಲಿ ತನ್ನ ಹತ್ತಿರ ಉಳಿದಿದ್ದ ಮೊದಲಿನ ಪ್ಯಾಕೇಜನ್ನು ತಂದು ಹಾಕಿಕೊಟ್ಟ. ಆಮೇಲೆ ಅದರಲ್ಲಿ ತುಂಬಿದ್ದ ಲೆಕ್ಕವೆಲ್ಲ ಹೋಗಿತ್ತು. ಹಸನಸಾಬರು ಮೊಳೆಯಿಂದ ಹಿಡಿದು ಬೆಲ್ಟಿನವರೆಗೆ ಎಲ್ಲವನ್ನೂ ಒಂದು ಬೆರಳಲ್ಲಿ ಕುಟ್ಟುತ್ತ ಮತ್ತೆ ತುಂಬಿದರು. ಹೊರಡುವಾಗ ಇಂಜಿನಿಯರು ಒಂದು ಮಾತು ಹೇಳಿದ್ದ: “ಬ್ಯಾಕಪ್ ತಗೊಂಡ್ರ ಸಾಲೂದಿಲ್ರಿ. ಡಿಸ್ಕ ಎರಡ ಭಾಗ ಮಾಡಿಟ್ಟೀನಿ. ಎರಡನೇ ಭಾಗದಾಗ ಆಗಾಗ ರಿಸ್ಟೋರ್ ಮಾಡಿ ನೋಡ್ರಿ, ಬರ್ತೈತೋ ಇಲ್ಲೋ ಅಂತ.” ಯಾರನ್ನೂ ನಂಬದವರಿಗೆ ಇದಕ್ಕಿಂತ ಸಿಹಿಯಾದ ಉಪದೇಶ ಉಂಟೇ?

ತುಂಬುವುದು ಮುಗಿದ ದಿನ ಹಸನಸಾಬರು ಬ್ಯಾಕಪ್ ತೆಗೆದು, ಕಟ್ಟಿ, ಮುದ್ರೆ ಒತ್ತಿ, ಕಪಾಟಿಗೆ ಹಾಕಿದರು. ಮರುದಿನ ತೆಗೆದು ‘ರಿಸ್ಟೋರ್’ ಎಂದು ಟೈಪು ಮಾಡಿದರು. ನಾಲ್ಕು ಸರಾಗವಾಗಿ ಹೋದವು. ಐದನೆಯದು ಗೊರಗೊರ ಎಂದಿತು.

ಈ ಸಲ ಇದು ಯಾರ ಕೆಲಸ? ಸಂತಾನ ಈಗ ಕಾರ್ಖಾನೆಯಲ್ಲೇ ಇಲ್ಲ. ಅವನ ಜಾಗಕ್ಕೆ ಬಂದವನನ್ನು ಇವರು ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ, ತಾವೇ ಕಸ ಹೊಡೆಯುತ್ತಿದ್ದರು. ಹಾಗಾದರೆ ಗೇಟಿನ ದುರ್ಗಪ್ಪ. ಕಾರ್ಖಾನೆಯ ಬೀಗದ ಕೈಗಳೆಲ್ಲ ಅವನ ಹತ್ತಿರವೇ ತೂಗುತ್ತಿರುತ್ತವೆ. ಸಂತಾನನ ಚೀಲ ಅಷ್ಟು ಹುರುಪಿನಿಂದ ಸುರುವಿದ್ದೂ ತನ್ನ ಮೇಲಿನ ಗುಮಾನಿ ತಪ್ಪಿಸಲಿಕ್ಕೇ ಇರಬೇಕು. ಹೀಗೆಂದುಕೊಂಡು ಹಸನಸಾಬರು ಯಾರಿಗೂ ಹೇಳದೆ ಮತ್ತೊಂದು ಬ್ಯಾಕಪ್ ತೆಗೆದು, ಮುದ್ರೆ ಹಾಕಿ, ಅಂಗಿಯೊಳಗೆ ಬಚ್ಚಿಟ್ಟುಕೊಂಡು ಮನೆಗೇ ತಂದರು. ಮಂಚದ ಕೆಳಗಿನ ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ಮರುದಿನ ಕಾರ್ಖಾನೆಯಲ್ಲಿ ನೋಡಿದರೆ ಐದನೆಯದು ಮತ್ತೆ ಸತ್ತಿದೆ.

ಮನೆಗೆ ಬಂದವರು ಹೆಂಡತಿಯನ್ನು ಸುತ್ತಿ ಬಳಸಿ ಕೇಳಿದರು. ನಿನ್ನೆ ಯಾರು ಬಂದಿದ್ದರು, ಟ್ರಂಕು ಯಾಕೆ ಸರಿದಂತೆ ಕಾಣುತ್ತದೆ, ನೀನು ಏನಾದರೂ ತೆಗೆದೆಯಾ ಎಂದು. ಮದೀನಾಬಿ ಮನೆಯಲ್ಲಿ ಆಡುವುದು ಉರ್ದು. ಸಿಟ್ಟು ಬಂದಾಗ ಮಾತ್ರ, ಓಣಿಗೆಲ್ಲ ತಿಳಿಯಲಿ ಎಂದು ಕನ್ನಡಕ್ಕೆ ಬರುತ್ತಿದ್ದಳು.

“ಟ್ರಂಕ ನಿಮ್ಮದು, ಕೀಲಿ ನಿಮ್ಮ ಜೇಬಿನ್ಯಾಗ, ಮುದ್ರಿ ನಿಮ್ಮ ಕೈಯಾಗ. ನಾ ಏನ್ ಹಲ್ಲೀ ಆಗಿ ಒಳಗ ಹೋಗ್ಲೇನು? ಆ ಬಡಪಾಯಿನ್ನ ಹೊರಗ ಹಾಕಿಸಿದ್ರಿ, ಈಗ ನನ್ನ ಪಾಳಿ ಬಂತು. ಇನ್ನ ಉಳದಾವ್ರು ಯಾರ ಅದಾರ, ನೀವ ಹೇಳ್ರಿ.”

ಊಟದ ತಾಟು ಮುಂದಿಟ್ಟರೂ ಹಸನಸಾಬರ ಕೈ ಹೋಗಲಿಲ್ಲ. ಉಳಿದವರು ಯಾರು ಎಂಬ ಪ್ರಶ್ನೆಗೆ ಒಂದೇ ಉತ್ತರ ಇತ್ತು, ಅದನ್ನು ನುಂಗಲಾಗಲಿಲ್ಲ.

ಬೆಳಿಗ್ಗೆ ಕಾರ್ಖಾನೆಗೆ ಹೋದವರೇ ಮತ್ತೆ ಬ್ಯಾಕಪ್ ತೆಗೆದರು. ಈ ಸಲ ಕಟ್ಟುವ ಮೊದಲೇ ರಿಸ್ಟೋರ್ ಮಾಡಿ ನೋಡಿದರು. ಐದೂ ನೀರು ಹರಿದಂತೆ ಹೋದವು. ಆಮೇಲೆ ಗಂಟು ಕಟ್ಟಿ, ಅರಗು ಬಿಟ್ಟು, ಮುದ್ರೆ ಒತ್ತಿದರು. ಕುರ್ಚಿಯಿಂದ ಏಳಲೇ ಇಲ್ಲ. ಅರಗು ಆರುವವರೆಗೆ ಕಾದು, ಒಡೆದು, ಮತ್ತೆ ಹಾಕಿದರು. ಐದನೆಯದು ಗೊರಗೊರ ಎಂದಿತು. ಅದನ್ನು ಹೊರಗೆ ತೆಗೆದು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ಕಪ್ಪು ಪ್ಲಾಸ್ಟಿಕ್ಕಿನ ಮೈಯಲ್ಲಿ ಒಂದು ದುಂಡನೆಯ ತಗ್ಗು ಕಂಡಿತು. ಹಿತ್ತಾಳೆ ಬಿಲ್ಲೆಯನ್ನು ಅದರ ಮೇಲಿಟ್ಟರೆ ಸರಿಯಾಗಿ ಕೂತಿತು. ಬಿಸಿ ಅರಗು, ಎರಡು ಕೈಯ ಒತ್ತು. ಮೇಲಿದ್ದದ್ದು ಯಾವಾಗಲೂ ಐದನೆಯದೇ.

ಮುದ್ರೆ ಒಡೆದಿಲ್ಲ ಎಂದರೆ ಯಾರೂ ಮುಟ್ಟಿಲ್ಲ ಎಂದೇ ಅರ್ಥ. ಅದನ್ನು ಸಾರಲೆಂದೇ ಅಲ್ಲವೇ ಇಷ್ಟು ವರ್ಷ ಒತ್ತಿದ್ದು? ಮುದ್ರೆ ಮೊದಲ ದಿನವೇ ಸತ್ಯ ಹೇಳಿತ್ತು. ತಾವು ಅದನ್ನೂ ನಂಬಿರಲಿಲ್ಲ. ಹಸನಸಾಬರಿಗೆ ನಾಚಿಕೆಯಾಯಿತು, ಮೈಯೆಲ್ಲ ಸುಡುವಂಥ ನಾಚಿಕೆ.

ರವಿವಾರ ಕೋಗಿಲಬನದ ದಾರಿ ಹಿಡಿದರು. ಸಂತಾನನ ಮನೆಯ ಅಂಗಳದಲ್ಲಿ ಅವನ ತಾಯಿ ಕಾತರಿನಾ ಬುಟ್ಟಿ ಹೆಣೆಯುತ್ತ ಕೂತಿದ್ದಳು. ಕೊಂಕಣಿಯಲ್ಲಿ ಒಳಗೆ ಕೂಗಿ ಹೇಳಿ, ಕುಳಿತುಕೊಳ್ಳಲು ಮಣೆ ಕೊಟ್ಟಳು. ರೋಜಿ ಬಾಗಿಲಿಗೆ ಬಂದು ನಿಂತಳು, ಒಳಗೆ ಕರೆಯಲಿಲ್ಲ. ಹಸನಸಾಬರು ಸಂತಾನನ ಮುಖ ನೋಡಲಾಗದೆ ನೆಲ ನೋಡಿಕೊಂಡೇ ಎಲ್ಲ ಹೇಳಿದರು. ಅರಗಿನದು, ತಗ್ಗಿನದು, ಟ್ರಂಕಿನದು. “ತಪ್ಪು ನಂದು ಸಂತಾನ. ನೀ ಮುಟ್ಟಿಲ್ಲ,” ಎಂದರು.

ಮಾತಾಡಿದವಳು ಬಾಗಿಲಲ್ಲಿದ್ದ ರೋಜಿ.

“ಕಾಕಾರ, ಇದನ್ನ ನಮಗ ಯಾಕ ಹೇಳಾಕ ಬಂದೀರಿ? ಇವ್ರು ಮುಟ್ಟಿಲ್ಲಂತ ನಮಗ ಮೊದಲಽ ಗೊತ್ತಿತ್ತು. ಚೀಲಾ ಸುರುವಿದ್ದು ಗೇಟಿನ್ಯಾಗ. ಅಲ್ಲಿ ಹೋಗಿ ಹೇಳ್ರಿ. ಈಗ ಯಾರ ಮನೀ ಕೆಲಸಕ್ಕ ಹೋದ್ರೂ ಮೊದಲ ಕೈ ನೋಡ್ತಾರ ಇವರದು.”

“ಹೇಳ್ತೇನಿ ತಂಗಿ. ನಾಳೆನ ಹೇಳ್ತೇನಿ. ದೀಪಾವಳಿಗೆ ಕಾಯಂ ಆಗೂದೂ ನಿಲ್ಲಬಾರದು.”

ಹೊರಟು ನಿಂತಾಗ ಕಾತರಿನಾ ಒಳಗಿನಿಂದ ಒಂದು ಬಾಟಲಿ ಜೇನುತುಪ್ಪ ತಂದು ಅವರ ಕೈಗೆ ಕೊಟ್ಟಳು. ಮದೀನಾಬಿಗೆ ಕೆಮ್ಮು ಇದೆಯೆಂದು ಸಂತಾನ ಯಾವಾಗಲೋ ಹೇಳಿದ್ದನಂತೆ. ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವ ರೂಢಿ ಆ ಮುದುಕಿಗೆ ಇರಲಿಲ್ಲ, ಬಂದವನು ಯಾರೇ ಆಗಿರಲಿ. ಬೇಡ ಎನ್ನುವ ಮುಖ ಹಸನಸಾಬರಿಗೂ ಇರಲಿಲ್ಲ. ಬಾಟಲಿ ಹಿಡಿದುಕೊಂಡೇ ಬಸ್ಸು ಹತ್ತಿದರು. ಅದೇ ಬಸ್ಸಿನಲ್ಲಿ ಕಾರ್ಖಾನೆಯ ಇಬ್ಬರು ಕೂತಿದ್ದರು. ಬಾಟಲಿ ನೋಡಿದರು, ಇವರು ಹತ್ತಿದ ಜಾಗ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸೋಮವಾರ ಸಂಜೆ ಸಂತಾನನೂ ಬಂದು ಗೇಟಿನ ಹೊರಗೆ ಹುಣಸೆ ಮರದ ಕೆಳಗೆ ನಿಂತ. ಭೋಂಗಾ ಆಯಿತು. ಎರಡೂ ಪಾಳಿಯವರು ಸೇರಿದ ಹೊತ್ತಿಗೆ ಹಸನಸಾಬರು ದುರ್ಗಪ್ಪನ ಸ್ಟೂಲಿನ ಮೇಲೆ ಹತ್ತಿ ನಿಂತರು. ಜನರೆದುರು ಮಾತಾಡಿ ರೂಢಿಯಿಲ್ಲ, ಆದರೂ ದನಿ ಎತ್ತಿದರು.

“ಕೇಳ್ರಿ ಎಲ್ಲಾರೂ. ಆ ಫ್ಲಾಪಿ ಕೆಡಿಸಿದಾಂವ ಸಂತಾನ ಅಲ್ಲ. ನಾನಽ ಕೆಡಿಸೀನಿ. ಅರಗಿನ ಕಾವಿಗೆ ಕೆಟ್ಟೈತಿ. ಅವನ ಮ್ಯಾಲ ಸುಳ್ಳ ಹೇಳಿದ್ದು ನಂದು ತಪ್ಪು.”

ತಪ್ಪು ಮಾಡಿದೆ ಎಂದು ಹಸನಸಾಬರು ಹೇಳಿದ್ದನ್ನು ಆ ಕಾರ್ಖಾನೆಯಲ್ಲಿ ಯಾರೂ ಕೇಳಿರಲಿಲ್ಲ. ಹಿಂದಿನಿಂದ ಒಬ್ಬ, “ಜೇನು ಛಲೋ ಇತ್ತೇನ್ರಿ ಸಾಬರ?” ಎಂದ. ಒಬ್ಬರಿಬ್ಬರು ನಕ್ಕರು, ಆಮೇಲೆ ನಗು ಹಬ್ಬಿತು. ದುರ್ಗಪ್ಪ ಹತ್ತಿರ ಬಂದು ಗುಟ್ಟಿನ ದನಿಯಲ್ಲಿ, “ಇಳೀರಿ. ಯಾಕ ಸುಮ್ನ ಅವನ ಸಲುವಾಗಿ ಹೆಸರ ಕೆಡಿಸ್ಕೋತೀರಿ,” ಎಂದು ಸ್ಟೂಲು ಎಳೆದುಕೊಂಡ.

ಹಸನಸಾಬರು ನೇರ ನಾಗಲಿಂಗಪ್ಪನವರ ಕೋಣೆಗೆ ಹೋದರು. ಸುದ್ದಿ ಅವರಿಗಿಂತ ಮುಂಚೆ ಅಲ್ಲಿ ಮುಟ್ಟಿತ್ತು.

“ಕೂಡ್ರಿ. ಅವರ ಮನೀಗೆ ಹೋಗಿದ್ರಂತ?”

“ಹೋಗಿದ್ದೆ, ಸಾಹೇಬ್ರ. ತಪ್ಪಾತು ಅಂತ ಹೇಳಾಕ.”

“ಹೋಗೂವಾಗ ಖಾಲಿ ಕೈ, ಬರೂವಾಗ ಬಾಟ್ಲಿ.”

“ಅದು ಅವರ ತಾಯಿ ಕೊಟ್ಟದ್ದು. ಸಾಹೇಬ್ರ, ಬಾಟ್ಲಿ ವಿಷಯ ಬಿಡ್ರಿ, ನಿಮ್ಮ ಕಣ್ಣ ಮುಂದಽ ತೋರಸ್ತೇನಿ. ಹೊಸಾ ಫ್ಲಾಪಿ ತರಸ್ರಿ. ಅರಗ ಹಾಕಿ ಒತ್ತತೇನಿ, ಕೆಡತೈತೋ ಇಲ್ಲೋ ನೋಡ್ರಿ.”

“ಕೆಡತೈತಿ. ನೀವು ಕೆಡಸಬೇಕಂತ ಒತ್ತಿದ್ರ ಯಾಕ ಕೆಡೂದಿಲ್ಲ?”

“ಈ ಫ್ಲಾಪಿ ಮ್ಯಾಲಿನ ತಗ್ಗ ನೋಡ್ರಿ, ಮುದ್ರಿ ಹೆಂಗ ಕೂಡತೈತಿ.”

“ಇದು ಮೊನ್ನೆ ಮಾಡಿದ್ದ ಫ್ಲಾಪಿ. ಆವಾಗಿಂದು ಎಲ್ಲೈತಿ?”

ಆವಾಗಿನದನ್ನು ಹಸನಸಾಬರು ಕತ್ತರಿಸಿ ಬಾಯ್ಲರಿಗೆ ಹಾಕಿಸಿದ್ದರು. ಹಾಗೆಂದಾಗ ನಾಗಲಿಂಗಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು.

“ನಿಮ್ಮ ಕಡೀಂದನ ಕಲ್ತೀನ್ರಿ ನಾ, ಹಸನಸಾಬ. ಮುದ್ರಿ ಒಡದಿಲ್ಲಂದ್ರೂ ಒಳಗ ಹುಳಾ ಇರ್ತೈತಿ ಅಂತ ಈ ಕುರ್ಚೀ ಮ್ಯಾಲ ಕುಂತು ಹೇಳಿದಾವ್ರು ನೀವು. ಇಷ್ಟ ವರ್ಷ ಒಂದ ಮೊಳಿ ಬಿಟ್ಟುಕೊಡದ ಮನಷ್ಯಾ, ಈಗ ಒಬ್ಬ ಸಿದ್ದಿ ಸಲುವಾಗಿ ತಾನಽ ತಪ್ಪ ಹೊರತಾನಂದ್ರ, ಹಿಂದ ಏನೋ ಐತಿ. ಏನೈತಿ ಅಂತ ನಾ ಕೇಳೂದಿಲ್ಲ. ನೀವು ಹಳೇ ಮಂದಿ. ಆದ್ರ ಅಂವ ಈ ಗೇಟಿನೊಳಗ ಬರೂದಿಲ್ಲ.”

ಹಸನಸಾಬರು ಅಲ್ಲಾನ ಮೇಲೆ ಆಣೆ ಮಾಡಿದರು. ತಮ್ಮನ್ನೇ ತೆಗೆದುಹಾಕಿ, ಅವನನ್ನು ಇಟ್ಟುಕೊಳ್ಳಿ ಎಂದರು. ಆ ಮಾತಿನಿಂದ ನಾಗಲಿಂಗಪ್ಪನವರ ಗುಮಾನಿ ಇನ್ನಷ್ಟು ಗಟ್ಟಿಯಾಯಿತು. ಅವರ ಕಿರಿದಾದ ಕಣ್ಣು ನೋಡುತ್ತ ಹಸನಸಾಬರಿಗೆ ಗೊತ್ತಾಯಿತು, ಇನ್ನು ಏನು ಹೇಳಿದರೂ ಅದು ಒಳಗೆ ಹೋಗುವುದಿಲ್ಲ.

ಹೊರಗೆ ಬಂದಾಗ ಪಾಳಿಯ ಜನ ಚದುರಿದ್ದರು. ಸಂತಾನ ಹುಣಸೆ ಮರದ ಕೆಳಗೇ ಇದ್ದ. ಇಬ್ಬರೂ ಬಸ್ಸಿನ ನಿಲ್ದಾಣದ ಕಡೆ ನಡೆದರು. ಸ್ವಲ್ಪ ದೂರ ಹೋದ ಮೇಲೆ ಅವನು ಕೇಳಿದ.

“ಏನಂದ್ರು ಸಾಹೇಬ್ರು?”

“ನಂಬಲಿಲ್ಲ. ಖರೇ ಹೇಳಿದೆ ಸಂತಾನ, ಆಣಿ ಮಾಡಿ ಹೇಳಿದೆ. ನನ್ನ ಮಾತ ಮುಗಿಯೂದರಾಗಽ ಅವರ ಒಳಗ ಬ್ಯಾರೇ ಕತಿ ತಯಾರಾಗಿತ್ತು. ಖರೇ ಹೇಳಾವನ್ನ ಹಿಂಗ ನೋಡ್ತಾರೇನು? ಎದೀ ಉರಿಯಾಕ ಹತ್ತೇತಿ.”

ಸಂತಾನ ಟವೆಲು ಹೆಗಲಿನಿಂದ ಹೆಗಲಿಗೆ ಬದಲಿಸಿಕೊಂಡ.

“ಮೊದಲ ನಾಕ ದಿನಾ ಹಂಗ ಆಗ್ತೈತ್ರಿ ಸಾಬರ,” ಎಂದ. “ಊಟ ಸೇರೂದಿಲ್ಲ, ನಿದ್ದಿ ಬರೂದಿಲ್ಲ. ಆಮ್ಯಾಲ ರೂಢಿ ಆಗ್ತೈತಿ.”

ಅದನ್ನು ಅವನು ಚುಚ್ಚಲೆಂದು ಹೇಳಲಿಲ್ಲ, ಸಮಾಧಾನ ಮಾಡಲೆಂದೇ ಹೇಳಿದ. ಹಸನಸಾಬರಿಗೆ ತಾಳಲಾಗದೆ ಹೋದದ್ದು ಅದೇ.